14,000 ಕಿಲೋಮೀಟರ್ ಅಂದರೆ ಎಷ್ಟು ಗಂಟೆ?

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ ಎಂದು ಕೇಳಿದರೆ ನಿಮ್ಮ ಕಿಸೆಯಲ್ಲಿರುವ ಫೋನು ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳುತ್ತದೆ: ಸುಮಾರು 14,000 ಕಿಲೋಮೀಟರ್. ವಿಮಾನದಲ್ಲಿ ಎಷ್ಟು ಹೊತ್ತು ಎಂದು ಕೇಳಿದರೆ ಅದಕ್ಕೂ ಅಷ್ಟೇ ಧೈರ್ಯವಾಗಿ ಒಂದು ಅಂಕಿ ಕೊಡುತ್ತದೆ. ಮೊದಲನೆಯ ಉತ್ತರವನ್ನು ಕಣ್ಣುಮುಚ್ಚಿ ನಂಬಿ, ಅದು ರೇಖಾಗಣಿತ. ಎರಡನೆಯದರಲ್ಲಿ ಗಾಳಿ ಇದೆ, ಬೆಟ್ಟ ಇದೆ, ನೆರೆಹೊರೆಯ ದೇಶಗಳ ಮುನಿಸು ಇದೆ, ವಿಮಾನ ಕಂಪನಿಯ ಲೆಕ್ಕಾಚಾರವೂ ಇದೆ. ಇವತ್ತು ನಾನು ಮಾತಾಡಲು ಬಂದಿರುವುದು ಆ ಎರಡನೆಯ ಅಂಕಿಯ ಬಗ್ಗೆ.

ಈ ಎರಡು ಊರುಗಳನ್ನೇ ಯಾಕೆ ಹಿಡಿದುಕೊಂಡೆ ಅಂದರೆ, ಅಮೆರಿಕದ ಆ ದಂಡೆಯಲ್ಲಿ ಮಗನೋ ಮಗಳೋ ಸೊಸೆಯೋ ಇರುವವರು ಈ ಸಭೆಯಲ್ಲಿ ಎಷ್ಟು ಮಂದಿ, ಕೈ ಎತ್ತಿ ನೋಡೋಣ. ಸಾಕು, ಇಳಿಸಿ. ಶಿವಮೊಗ್ಗದಲ್ಲೇ ಇಷ್ಟು ಅಂದರೆ ಬೆಂಗಳೂರಿನ ಮಾತು ಹೇಳಬೇಕಾಗಿಲ್ಲ.

ಮೊದಲು ಆ 14,000 ಎಲ್ಲಿಂದ ಬಂತು ನೋಡಿಬಿಡೋಣ. ಇಲ್ಲಿ ಒಂದು ಗೋಳ ತಂದಿದ್ದೇನೆ, ಜತೆಗೆ ಒಂದು ಹೊಲಿಗೆ ದಾರ. ಮುಂದಿನ ಸಾಲಿನವರು ಯಾರಾದರೂ ಒಬ್ಬರು ಬನ್ನಿ. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಬೆರಳಿನಿಂದ ಒತ್ತಿ ಹಿಡಿಯಿರಿ, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋ ಮೇಲಿಟ್ಟು ಬಿಗಿಯಾಗಿ ಎಳೆಯಿರಿ. ಎಳೆಯುವ ಮುಂಚೆ ಉಳಿದವರು ಹೇಳಿ, ದಾರ ಯಾವ ಕಡೆ ಹೋಗುತ್ತದೆ? ಅರ್ಧ ಜನ ಪಶ್ಚಿಮ ಅಂದಿರಿ: ಅರಬ್ಬಿ ಸಮುದ್ರ, ಯುರೋಪು, ಅಟ್ಲಾಂಟಿಕ್. ಕೆಲವರು ಪೂರ್ವ ಅಂದಿರಿ: ಜಪಾನು, ಪೆಸಿಫಿಕ್. ಶಾಲೆಯ ಗೋಡೆಯ ನಕಾಶೆ ನೋಡಿ ಬೆಳೆದವರೆಲ್ಲ ಹೀಗೇ ಹೇಳುವುದು.

ಈಗ ನೋಡಿ. ದಾರ ಹೊರಟದ್ದು ಉತ್ತರಕ್ಕೆ. ನೇರ ಉತ್ತರದಿಂದ ಬರೀ 20 ಡಿಗ್ರಿಯಷ್ಟು ಪೂರ್ವಕ್ಕೆ ವಾಲಿದೆ. ತೆಲಂಗಾಣ ದಾಟಿತು, ಪ್ರಯಾಗರಾಜ್ ಆಸುಪಾಸಿನಲ್ಲಿ ಹಾಯಿತು, ನೇಪಾಳ, ಟಿಬೆಟ್, ಮಂಗೋಲಿಯಾದ ಪಶ್ಚಿಮ ಭಾಗ, ಆಮೇಲೆ ಪೂರ್ವ ಸೈಬೀರಿಯಾ. ಹೆಚ್ಚುಕಡಿಮೆ 71 ಡಿಗ್ರಿ ಉತ್ತರ ಅಕ್ಷಾಂಶ ಮುಟ್ಟಿ, ಅಲ್ಲಿಂದ ಅಲಾಸ್ಕಾದ ಮೇಲೆ ಇಳಿಜಾರಾಗಿ ಕ್ಯಾಲಿಫೋರ್ನಿಯಾಕ್ಕೆ. ಬಿಗಿದ ದಾರ ಗೋಳದ ಮೇಲಿನ ಅತಿ ಹತ್ತಿರದ ದಾರಿಯಲ್ಲದೆ ಬೇರೆ ಎಲ್ಲೂ ಕೂರುವುದಿಲ್ಲ. ಇದನ್ನು ಮಹಾವೃತ್ತದ ದಾರಿ ಅನ್ನುತ್ತಾರೆ. ಭೂಮಿಯ ನಡುವಿನಿಂದ ನೋಡಿದರೆ ಈ ಎರಡು ಊರುಗಳ ಮಧ್ಯೆ 126 ಡಿಗ್ರಿ ಕೋನ. ಒಂದು ಡಿಗ್ರಿಗೆ 111 ಕಿಲೋಮೀಟರ್. ಗುಣಿಸಿ, 13,986 ಬರುತ್ತದೆ. ಫೋನು ಹೇಳಿದ್ದು ಇದನ್ನೇ. ಭೂಮಿಯ ಮೇಲೆ ಯಾವ ಎರಡು ಜಾಗಗಳಿಗೂ 20,000 ಕಿಲೋಮೀಟರಿಗಿಂತ ಹೆಚ್ಚು ಅಂತರ ಇರಲು ಸಾಧ್ಯವಿಲ್ಲ, ಅಷ್ಟರಲ್ಲಿ ಅರ್ಧ ಸುತ್ತು ಮುಗಿದಿರುತ್ತದೆ. ಆ ಲೆಕ್ಕದಲ್ಲಿ ನಮ್ಮ ಮಕ್ಕಳು ಹೋಗಿ ಕೂತಿರುವುದು ನಿಜಕ್ಕೂ ದೂರವೇ.

ಈಗಿನ ದೊಡ್ಡ ವಿಮಾನ ಮೇಲೆ ಹೋದಮೇಲೆ ಗಂಟೆಗೆ ಸುಮಾರು 900 ಕಿಲೋಮೀಟರ್ ಹಾರುತ್ತದೆ. 14,000ವನ್ನು 900ರಿಂದ ಭಾಗಿಸಿದರೆ ಹದಿನೈದೂವರೆ ಗಂಟೆ. ಕೆಲಸ ಮುಗಿಯಿತಲ್ಲ? ಮುಗಿಯಲಿಲ್ಲ. ಯಾಕೆಂದರೆ ವಿಮಾನ ಈ ದಾರದ ಮೇಲೆ ಹೋಗುವುದಿಲ್ಲ.

ದಾರ ಟಿಬೆಟ್ ಮೇಲೆ ಹಾಯಿತಲ್ಲ, ಅಲ್ಲೇ ತಕರಾರು. ಜನ ತಿಳಿದುಕೊಳ್ಳುವುದು, ಹಿಮಾಲಯ ಎತ್ತರ, ವಿಮಾನ ತಗಲುತ್ತದೆ ಎಂದು. ಎವರೆಸ್ಟ್ 8,849 ಮೀಟರ್, ವಿಮಾನ ಹಾರುವುದು 10ರಿಂದ 12 ಕಿಲೋಮೀಟರ್ ಎತ್ತರದಲ್ಲಿ. ಮೇಲೆ ಹಾಯಲು ಏನೂ ಅಡ್ಡಿಯಿಲ್ಲ. ಅಡ್ಡಿ ಇರುವುದು ಕೆಳಗಿಳಿಯಲು. ಕ್ಯಾಬಿನ್ನಿನ ಗಾಳಿಯೊತ್ತಡ ಇದ್ದಕ್ಕಿದ್ದಂತೆ ಹೋಯಿತು ಅಂದುಕೊಳ್ಳಿ. ತಲೆಯ ಮೇಲಿನಿಂದ ಹಳದಿ ಮುಖವಾಡ ಉದುರುತ್ತದೆ, ಗಗನಸಖಿ ತೋರಿಸುವಾಗ ನಾವ್ಯಾರೂ ನೋಡದ ಆ ಮುಖವಾಡ. ಅದರಲ್ಲಿ ಬರುವ ಆಮ್ಲಜನಕ ಸಾಮಾನ್ಯವಾಗಿ ಕಾಲು ಗಂಟೆಯ ಆಸುಪಾಸಿಗೆ ಮಾತ್ರ. ಅಷ್ಟರೊಳಗೆ ಪೈಲಟ್ ವಿಮಾನವನ್ನು 3,000 ಮೀಟರ್ ಎತ್ತರಕ್ಕೆ ಇಳಿಸಬೇಕು, ಅಲ್ಲಿ ಮಾಮೂಲಿನಂತೆ ಉಸಿರಾಡಬಹುದು. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ 4,500 ಮೀಟರ್. ಇಳಿಯುವುದಾದರೂ ಎಲ್ಲಿಗೆ? ನೆಲವೇ ಮೇಲಿದೆ. ಅದಕ್ಕೇ ಪ್ರಪಂಚದ ವಿಮಾನಗಳು ಆ ಭಾಗವನ್ನು ಆದಷ್ಟೂ ತಪ್ಪಿಸಿ ಸುತ್ತುಹಾಕಿಕೊಂಡು ಹೋಗುತ್ತವೆ. ನೇರದಾರಿಯ ಮೊದಲ ಸೋಲು ಇದು.

2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಬೆಂಗಳೂರಿನ ನಡುವೆ ಎಲ್ಲೂ ನಿಲ್ಲದ ವಿಮಾನ ಶುರುಮಾಡಿತು. ಮೊದಲ ಹಾರಾಟ ಅಲ್ಲಿಂದ ಇಲ್ಲಿಗೆ. ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಮಹಿಳೆಯರು, ಮುಂದಾಳು ಕ್ಯಾಪ್ಟನ್ ಜೋಯಾ ಅಗರ್‌ವಾಲ್. ಪತ್ರಿಕೆಗಳಲ್ಲಿ ಫೋಟೋ ಬಂದಿತ್ತು, ನೆನಪಿರಬಹುದು. ಬೋಯಿಂಗ್ 777-200ಎಲ್‌ಆರ್, 238 ಆಸನ. ಅದು ಹೋದದ್ದು ಉತ್ತರ ಧ್ರುವದ ಮೇಲೆ. ಕ್ರಮಿಸಿದ ದೂರ ಸುಮಾರು 16,000 ಕಿಲೋಮೀಟರ್, ಹಿಡಿದ ಸಮಯ ಸುಮಾರು 17 ಗಂಟೆ. ಅಂದರೆ ದಾರದ ಅಳತೆಗಿಂತ 2,000 ಕಿಲೋಮೀಟರ್ ಹೆಚ್ಚು, ಇಲ್ಲಿಂದ ದೆಹಲಿಗೆ ಹಾರುವುದಕ್ಕಿಂತಲೂ ಹೆಚ್ಚು ದೂರ ಬರೀ ಬಳಸುದಾರಿಗೇ ಹೋಯಿತು.

ಧ್ರುವದ ದಾರಿಯಲ್ಲಿ ಪೈಲಟ್‌ಗಳು ಒಂದು ಮೀಟರಿನ ಮೇಲೆ ಕಣ್ಣಿಟ್ಟಿರುತ್ತಾರೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅದು ರೆಕ್ಕೆಯೊಳಗಿನ ಇಂಧನದ ಉಷ್ಣತೆ. ಹೊರಗೆ ಮೈನಸ್ 60, ಕೆಲವೊಮ್ಮೆ ಇನ್ನೂ ಕಡಿಮೆ. ಇಂಧನ ತುಂಬಿದ ರೆಕ್ಕೆ ಗಂಟೆಗಟ್ಟಲೆ ಆ ಚಳಿಯಲ್ಲಿ ನೆನೆಯುತ್ತದೆ. ಅಮೆರಿಕದಲ್ಲಿ ತುಂಬುವ ಇಂಧನ ಜೆಟ್ ಎ, ಮೈನಸ್ 40 ಡಿಗ್ರಿಯಲ್ಲಿ ಗಟ್ಟಿಯಾಗತೊಡಗುತ್ತದೆ. ಬೇರೆಡೆ ಸಿಗುವ ಜೆಟ್ ಎ-1 ಮೈನಸ್ 47ರವರೆಗೆ ತಡೆಯುತ್ತದೆ. ಹೊರಗಿನ ಚಳಿಯಷ್ಟಕ್ಕೆ ಇಂಧನ ಇಳಿಯುವುದಿಲ್ಲ, ವೇಗದಲ್ಲಿ ನುಗ್ಗುವಾಗ ರೆಕ್ಕೆಯ ಮುಂದೆ ಒತ್ತಿಹೋಗುವ ಗಾಳಿ ಬಿಸಿಯಾಗಿ ಒಂದಿಷ್ಟು ಕಾಪಾಡುತ್ತದೆ. ಆದರೂ ಮುಳ್ಳು ಗಡಿಯ ಹತ್ತಿರ ಬಂದರೆ ಪೈಲಟ್ ಏನು ಮಾಡುತ್ತಾರೆ? ವೇಗ ಹೆಚ್ಚಿಸುತ್ತಾರೆ, ಇಲ್ಲವೇ ಬೆಚ್ಚಗಿರುವ ಎತ್ತರಕ್ಕೆ ಇಳಿಯುತ್ತಾರೆ. ಎರಡರಲ್ಲೂ ಇಂಧನ ಹೆಚ್ಚು ಸುಡುತ್ತದೆ. ಕಿಟಕಿ ಮುಚ್ಚಿ ಸಿನಿಮಾ ನೋಡುವ ನಮಗೆ ಇದೇನೂ ತಿಳಿಯುವುದಿಲ್ಲ.

ಇನ್ನು ಗಾಳಿ. ಈ ಉಪನ್ಯಾಸಕ್ಕೆ ಅರ್ಧ ಗಂಟೆ ಸಾಲದು ಎಂದು ಸಂಘಟಕರಿಗೆ ನಾನು ಹೇಳಿದ್ದು ಈ ಭಾಗಕ್ಕಾಗಿಯೇ.

2016ರ ಅಕ್ಟೋಬರ್‌ವರೆಗೆ ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು. ಆ ದಾರಿ ಸುಮಾರು 13,900 ಕಿಲೋಮೀಟರ್. ಆ ತಿಂಗಳು ದಾರಿ ಬದಲಿಸಿ ಪೂರ್ವಕ್ಕೆ, ಪೆಸಿಫಿಕ್ ಮೇಲೆ ಕಳಿಸಿದರು. ಅದು 15,300 ಕಿಲೋಮೀಟರ್. ಅಂದರೆ 1,400 ಕಿಲೋಮೀಟರ್ ಹೆಚ್ಚು. ತಲುಪಿದ್ದು ಎಷ್ಟು ಹೊತ್ತಿಗೆ? ಹದಿನಾಲ್ಕೂವರೆ ಗಂಟೆಗೆ, ಹಳೆಯ ದಾರಿಗಿಂತ ಸುಮಾರು ಎರಡು ಗಂಟೆ ಮುಂಚೆ. ಹೆಚ್ಚು ದೂರ, ಕಡಿಮೆ ಸಮಯ. ದೂರವನ್ನು ವೇಗದಿಂದ ಭಾಗಿಸುವ ಏಳನೇ ತರಗತಿಯ ಗಣಿತ ಇಲ್ಲಿ ಕೈಕೊಡುತ್ತದೆ.

ತುಂಗೆಯಲ್ಲಿ ತೆಪ್ಪ ಹಾಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹುಟ್ಟು ಹಾಕುವ ಶಕ್ತಿ ಅಷ್ಟೇ, ಹೊಳೆಯ ಜತೆ ಹೋದರೆ ದಡ ಬೇಗ ಸರಿಯುತ್ತದೆ, ಎದುರು ಹೋದರೆ ಸರಿಯುವುದೇ ಇಲ್ಲ. ಮೇಲೆ ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಇಂಥ ಹೊಳೆಗಳು ಹರಿಯುತ್ತಿವೆ, ಜೆಟ್ ಸ್ಟ್ರೀಮ್ ಅಂತ. ಚಳಿಗಾಲದಲ್ಲಿ ಗಂಟೆಗೆ 200, ಕೆಲವೆಡೆ 300 ಕಿಲೋಮೀಟರ್ ವೇಗವನ್ನೂ ಮೀರುತ್ತವೆ. 2020ರ ಫೆಬ್ರವರಿಯಲ್ಲಿ ಸಿಯಾರಾ ಚಂಡಮಾರುತದ ರಾತ್ರಿ ಬ್ರಿಟಿಷ್ ಏರ್‌ವೇಸ್‌ನ ಒಂದು 747 ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂದಿಳಿಯಿತು. ನೆಲದ ಲೆಕ್ಕದಲ್ಲಿ ಅದರ ವೇಗ ಗಂಟೆಗೆ 1,300 ಕಿಲೋಮೀಟರ್ ದಾಟಿತ್ತು. ಹಾಗಾದರೆ ಶಬ್ದದ ವೇಗ ಮೀರಿತೇ ಎಂದು ಆಗ ಬಹಳ ಜನ ಕೇಳಿದರು. ಇಲ್ಲ. ಗಾಳಿಯೊಳಗೆ ಅದು ಮಾಮೂಲಿ ವೇಗದಲ್ಲೇ ಹಾರುತ್ತಿತ್ತು, ಗಾಳಿಯೇ ಅದನ್ನು ಹೊತ್ತುಕೊಂಡು ಓಡುತ್ತಿತ್ತು.

ಇಲ್ಲೊಂದು ಅಡ್ಡಕಥೆ. ಈ ಮೇಲಿನ ಗಾಳಿಯನ್ನು ಮೊದಲು ಕ್ರಮವಾಗಿ ಅಳೆದವರಲ್ಲಿ ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೊ ಓಯಿಶಿ ಒಬ್ಬರು. 1920ರ ದಶಕದಲ್ಲಿ ತಾತೆನೊ ಎಂಬಲ್ಲಿಂದ ಬಲೂನು ಹಾರಿಬಿಟ್ಟು ದೂರದರ್ಶಕದಲ್ಲಿ ಹಿಂಬಾಲಿಸಿ ಲೆಕ್ಕ ಬರೆದರು. ಪ್ರಪಂಚಕ್ಕೆಲ್ಲ ತಿಳಿಯಲಿ ಎಂಬ ಆಸೆಯಿಂದ ಅದನ್ನು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರು. ಎಲ್ಲರ ಭಾಷೆಯಾಗಲಿ ಎಂದು ಕಟ್ಟಿದ ಭಾಷೆ ಅದು, ಓದುವವರು ಬೆರಳೆಣಿಕೆ. ವರದಿ ಮೂಲೆಗೆ ಬಿತ್ತು. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಮೇಲೆ ಬಾಂಬು ಹಾಕಲು ಹೋದ ಅಮೆರಿಕದ ಬಿ-29 ವಿಮಾನಗಳು ಈ ಗಾಳಿಗೆ ಸಿಕ್ಕಿ ಗುರಿ ತಪ್ಪಿದಾಗ ಅವರ ಪೈಲಟ್‌ಗಳಿಗೆ ಇದು ಹೊಸ ಸುದ್ದಿ. ಜಪಾನಿಗೆ ಹೊಸದಾಗಿರಲಿಲ್ಲ, ಅದೇ ಗಾಳಿಯಲ್ಲಿ ಅವರು ಅಮೆರಿಕಕ್ಕೆ ಬಾಂಬು ಕಟ್ಟಿದ ಬಲೂನುಗಳನ್ನು ತೇಲಿಬಿಟ್ಟರು.

ಗಾಳಿಯ ಬಗ್ಗೆ ಒಂದು ತಪ್ಪು ಸಮಾಧಾನ ಚಾಲ್ತಿಯಲ್ಲಿದೆ: ಹೋಗುವಾಗ ಎದುರುಗಾಳಿಯಲ್ಲಿ ಕಳೆದುಕೊಂಡದ್ದನ್ನು ಬರುವಾಗ ಬೆನ್ನಗಾಳಿಯಲ್ಲಿ ಗಳಿಸುತ್ತೇವಲ್ಲ, ಸಮಕ್ಕೆ ಸಮ ಎಂದು. ಲೆಕ್ಕ ಹಾಕಿ. 9,000 ಕಿಲೋಮೀಟರ್ ದೂರ, 900ರ ವೇಗ. ಗಾಳಿಯಿಲ್ಲದಿದ್ದರೆ ಹೋಗಲು 10, ಬರಲು 10, ಒಟ್ಟು 20 ಗಂಟೆ. ಈಗ 100ರ ಗಾಳಿ ಬೀಸಲಿ. ಎದುರಿಗೆ ಹೋಗುವಾಗ ವೇಗ 800, ಹನ್ನೊಂದೂಕಾಲು ಗಂಟೆ. ಬರುವಾಗ 1,000, ಅಂದರೆ 9 ಗಂಟೆ. ಕೂಡಿಸಿದರೆ ಇಪ್ಪತ್ತೂಕಾಲು. ಕಾಲು ಗಂಟೆ ಎಲ್ಲಿಂದ ಬಂತು? ಎದುರುಗಾಳಿಯಲ್ಲಿ ನೀವು ಹೆಚ್ಚು ಹೊತ್ತು ಇರುತ್ತೀರಿ, ಬೆನ್ನಗಾಳಿಯಲ್ಲಿ ಕಡಿಮೆ ಹೊತ್ತು. ಹೋಗಿ ಬರುವ ಲೆಕ್ಕದಲ್ಲಿ ಒಂದೇ ಸಮ ಬೀಸುವ ಗಾಳಿ ಯಾವಾಗಲೂ ನಷ್ಟ. ಆದ್ದರಿಂದ ಕಂಪನಿಗಳು ಎರಡು ದಿಕ್ಕಿಗೂ ಬೇರೆಬೇರೆ ದಾರಿ ಹುಡುಕುತ್ತವೆ, ದಿನದಿನವೂ ಹುಡುಕುತ್ತವೆ. ನಿನ್ನೆ ಹೋದ ದಾರಿಯಲ್ಲೇ ಇವತ್ತೂ ಹೋಗಬೇಕೆಂದಿಲ್ಲ.

ಇಲ್ಲಿ ವಿದ್ಯಾರ್ಥಿಯೊಬ್ಬರು ಚೀಟಿ ಕಳಿಸಿದ್ದಾರೆ. ಭೂಮಿಯೇ ತಿರುಗುತ್ತಿದೆಯಲ್ಲ, ವಿಮಾನ ಸುಮ್ಮನೆ ಮೇಲೆ ನಿಂತರೆ ಅಮೆರಿಕವೇ ಕೆಳಗೆ ಬರುವುದಿಲ್ಲವೇ? ನಗಬೇಡಿ, ಒಳ್ಳೆಯ ಪ್ರಶ್ನೆ. ಬೆಂಗಳೂರಿನ ನೆಲ ಈ ಕ್ಷಣದಲ್ಲಿ ಗಂಟೆಗೆ 1,600 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ಆದರೆ ಅದರ ಮೇಲಿನ ಗಾಳಿಯೂ, ಗಾಳಿಯಲ್ಲಿರುವ ವಿಮಾನವೂ ಜತೆಗೇ ಓಡುತ್ತಿವೆ. ವಿಮಾನ ಮೇಲೇರಿದ ಮಾತ್ರಕ್ಕೆ ಆ ಓಟದಿಂದ ಕಳಚಿಕೊಳ್ಳುವುದಿಲ್ಲ. ಹಾಗೆಂದು ಭೂಮಿ ತಿರುಗುವುದಕ್ಕೂ ಪ್ರಯಾಣದ ಸಮಯಕ್ಕೂ ಸಂಬಂಧವೇ ಇಲ್ಲ ಅನ್ನಲಾಗದು. ಸಮಭಾಜಕದ ಬಿಸಿಗಾಳಿ ಧ್ರುವಗಳ ಕಡೆ ಹೊರಟಾಗ, ತಿರುಗುವ ಭೂಮಿ ಅದನ್ನು ಪೂರ್ವಕ್ಕೆ ಬಾಗಿಸುತ್ತದೆ. ಜೆಟ್ ಸ್ಟ್ರೀಮ್ ಪೂರ್ವಾಭಿಮುಖವಾಗಿರುವುದಕ್ಕೆ ಅದೇ ಕಾರಣ.

ಬೆಟ್ಟ ಆಯಿತು, ಗಾಳಿ ಆಯಿತು, ಉಳಿದದ್ದು ಮನುಷ್ಯರು. ಆಕಾಶಕ್ಕೆ ಬೇಲಿಯಿಲ್ಲ ಎಂದು ಕವಿಗಳು ಬರೆಯಬಹುದು, ವಿಮಾನ ಕಂಪನಿಗಳಿಗೆ ಆ ಭಾಗ್ಯವಿಲ್ಲ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ನೇರ ವಿಮಾನ ಬಿಡುತ್ತೇವೆ ಎಂದು ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ 2020ರಲ್ಲೇ ಪ್ರಕಟಿಸಿತ್ತು. ಕೋವಿಡ್‌ನಿಂದ ಮುಂದೆ ಹೋಯಿತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ರಷ್ಯಾದ ಆಕಾಶ ಅಮೆರಿಕದ ಕಂಪನಿಗಳಿಗೆ ಮುಚ್ಚಿತು. ದಾರ ಎಲ್ಲಿ ಹಾಯಿತು ನೆನಪಿಸಿಕೊಳ್ಳಿ. ಸೈಬೀರಿಯಾ ಇಲ್ಲದೆ ಆ ಲೆಕ್ಕ ಕೂಡುವುದಿಲ್ಲ. ಆ ಯೋಜನೆ ಅಲ್ಲಿಗೇ ನಿಂತಿತು. ಏರ್ ಇಂಡಿಯಾಕ್ಕೆ ಆ ನಿರ್ಬಂಧ ಇರಲಿಲ್ಲ. ಆದರೆ ಅದಕ್ಕೂ ಒಂದು ಬೆಲೆ ಇದೆ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಅದರ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ದೂರಪೂರ್ವದ ಮಗದಾನ್‌ನಲ್ಲಿ ಇಳಿಯಿತು. ಎರಡು ಎಂಜಿನ್ನಿನ ವಿಮಾನ ದಾರಿಯುದ್ದಕ್ಕೂ ಇಳಿಯಬಹುದಾದ ಯಾವುದಾದರೊಂದು ನಿಲ್ದಾಣಕ್ಕೆ ನಿಗದಿತ ಸಮಯದ ಒಳಗಿರಬೇಕು ಎಂಬುದು ನಿಯಮ, ಮಗದಾನ್ ಅಂಥ ಒಂದು ನಿಲ್ದಾಣ. 216 ಪ್ರಯಾಣಿಕರು ಅಲ್ಲಿ ಸಿಕ್ಕಿದ ಹಾಸ್ಟೆಲ್ಲು, ಶಾಲೆಗಳಲ್ಲಿ ಮಲಗಿದರು. ಬದಲಿ ವಿಮಾನ ಹೋಗಿ ಅವರನ್ನು ಹೊರಡಿಸಿದ್ದು ಜೂನ್ 8ರಂದು. ಆ ಜನರನ್ನು ದೆಹಲಿಯಿಂದ ಎಷ್ಟು ಗಂಟೆ ಎಂದು ಕೇಳಿ ನೋಡಿ. ಪಾಕಿಸ್ತಾನದ ಆಕಾಶ 2019ರಲ್ಲಿ ತಿಂಗಳುಗಟ್ಟಲೆ, ಮತ್ತೆ 2025ರ ಏಪ್ರಿಲ್‌ನಿಂದ ನಮ್ಮ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವರಿಗೆ ಪ್ರಯಾಣ ಹೇಗೆ ಲಂಬಿಸಿತು ಎಂಬುದು ನಿಮಗೆ ಗೊತ್ತಿರುವುದೇ.

ಗಡಿಯಾರದ ಗೊಂದಲ ಒಂದು ನಿಮಿಷದಲ್ಲಿ ಮುಗಿಸುತ್ತೇನೆ. ಆ 2021ರ ಮೊದಲ ವಿಮಾನ ಹೊರಟದ್ದು ಅಲ್ಲಿಯ ಶನಿವಾರ ರಾತ್ರಿ, ಬೆಂಗಳೂರಿನಲ್ಲಿ ಇಳಿದದ್ದು ಸೋಮವಾರ ಬೆಳಗಿನ ಜಾವ. ಭಾನುವಾರ ಎಲ್ಲಿ ಹೋಯಿತು? ಚಳಿಗಾಲದಲ್ಲಿ ನಾವು ಅವರಿಗಿಂತ ಹದಿಮೂರೂವರೆ ಗಂಟೆ ಮುಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಹದಿನೇಳಕ್ಕೆ ಹದಿಮೂರೂವರೆ ಕೂಡಿಸಿ, ಉತ್ತರ ಸಿಗುತ್ತದೆ. ಇಲ್ಲಿಂದ ಹೋಗುವವರಿಗೆ ತಿರುಗುಮುರುಗು: ಮಧ್ಯಾಹ್ನ ಊಟ ಮಾಡಿ ಎಲ್ಲೂ ನಿಲ್ಲದ ವಿಮಾನ ಹತ್ತಿದರೆ ಅದೇ ದಿನ ಸಂಜೆ ಇಳಿಯುತ್ತೀರಿ. ಟಿಕೆಟ್ಟಿನಲ್ಲಿ ನೋಡಿದರೆ ಮೂರ್ನಾಲ್ಕು ಗಂಟೆಯ ಪ್ರಯಾಣದಂತೆ ಕಾಣುತ್ತದೆ. ಮಗಳ ಮನೆಗೆ ಮೊದಲ ಸಲ ಹೊರಟ ತಾಯಂದಿರಿಗೆ ದಯವಿಟ್ಟು ಇದನ್ನು ಮೊದಲೇ ಬಿಡಿಸಿ ಹೇಳಿ.

ಈಗ ನಿಮ್ಮೂರಿಗೆ ಬರೋಣ. ಸೋಗಾನೆಯ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು, ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂತು. ಎರಡು ನಿಲ್ದಾಣಗಳ ನಡುವೆ ನೇರ ದೂರ ಸುಮಾರು 240 ಕಿಲೋಮೀಟರ್. ಬರುವುದು ಎಟಿಆರ್, ಪಂಖದ ವಿಮಾನ, ಗಂಟೆಗೆ 500 ಕಿಲೋಮೀಟರ್ ಹಾರುತ್ತದೆ. ಭಾಗಿಸಿದರೆ ಅರ್ಧ ಗಂಟೆ. ಟಿಕೆಟ್ಟಿನಲ್ಲಿ ಬರೆದಿರುವುದು ಒಂದು ಗಂಟೆಯಿಂದ ಒಂದೂಕಾಲು ಗಂಟೆ. 14,000 ಕಿಲೋಮೀಟರಿಗೆ ಗಂಟೆ ಒಂದೂವರೆ ತಪ್ಪಿದ ಲೆಕ್ಕ, 240 ಕಿಲೋಮೀಟರಿಗೆ ದುಪ್ಪಟ್ಟೇ ಆಗಿಬಿಟ್ಟಿತು. ಯಾಕೆ?

ಟಿಕೆಟ್ಟಿನ ಸಮಯ ಹಾರಾಟದ ಸಮಯವಲ್ಲ. ನಿಂತ ಜಾಗದಿಂದ ಚಕ್ರ ಕದಲಿದ ಕ್ಷಣದಿಂದ, ಇನ್ನೊಂದು ಊರಿನಲ್ಲಿ ಚಕ್ರ ನಿಂತ ಕ್ಷಣದವರೆಗೆ. ವಿಮಾನದವರು ಇದನ್ನು ಬ್ಲಾಕ್ ಟೈಮ್ ಅನ್ನುತ್ತಾರೆ. ದೇವನಹಳ್ಳಿಯಲ್ಲಿ ಎರಡು ರನ್‌ವೇ ಇವೆ, ಎರಡೂ ಪೂರ್ವ–ಪಶ್ಚಿಮ. ಶಿವಮೊಗ್ಗ ಇರುವುದು ಪಶ್ಚಿಮದ ಕಡೆ, ತುಸು ಉತ್ತರಕ್ಕೆ. ಗಾಳಿ ಪೂರ್ವದಿಂದ ಬೀಸುತ್ತಿದ್ದರೆ ವಿಮಾನ ಗಾಳಿಗೆದುರಾಗಿ ಪೂರ್ವಕ್ಕೇ ಏರಬೇಕು, ಆಮೇಲೆ ಅರ್ಧ ಸುತ್ತು ತಿರುಗಿ ನಿಮ್ಮ ಕಡೆ ಮುಖ ಮಾಡಬೇಕು. ಅದಕ್ಕೂ ಮುಂಚೆ ರನ್‌ವೇ ತುದಿಗೆ ತೆವಳಬೇಕು, ಸಾಲಿನಲ್ಲಿ ಕಾಯಬೇಕು. ಇಲ್ಲಿ ಇಳಿಯುವಾಗ ಮತ್ತೆ ವೇಗ ತಗ್ಗಿಸಿ ರನ್‌ವೇಗೆ ನೇರವಾಗಿ ಹೊಂದಿಕೊಳ್ಳಬೇಕು. ಈ ಏರಿಳಿತ, ತೆವಳಾಟದ ನಿಮಿಷಗಳು ದೂರ ಎಷ್ಟಿದ್ದರೂ ಹೆಚ್ಚುಕಡಿಮೆ ಅಷ್ಟೇ. ಹದಿನೇಳು ಗಂಟೆಯಲ್ಲಿ ಅವು ಲೆಕ್ಕಕ್ಕೆ ಬರುವುದಿಲ್ಲ, ಇಲ್ಲಿ ಅವೇ ಪ್ರಯಾಣದ ಅರ್ಧ.

ಇದರ ಮೇಲೆ ಕಂಪನಿಗಳು ಒಂದಿಷ್ಟು ನಿಮಿಷ ಸುಮ್ಮನೆ ಸೇರಿಸುತ್ತವೆ. ತಡವಾಗಿ ಹೊರಟರೂ ಸಮಯಕ್ಕೆ ಸರಿಯಾಗಿ ತಲುಪಿದೆವು ಎಂದು ಹೇಳಿಕೊಳ್ಳಲು. ಬೆಂಗಳೂರು–ದೆಹಲಿ 1,700 ಕಿಲೋಮೀಟರ್, ಎರಡು ಗಂಟೆ ಚಿಲ್ಲರೆಯ ಹಾರಾಟ, ವೇಳಾಪಟ್ಟಿಯಲ್ಲಿ ಎರಡೂಮುಕ್ಕಾಲು ಗಂಟೆ, ಅದಕ್ಕೂ ಹೆಚ್ಚು. ಇದು ಮೋಸ ಎಂದು ಬಹಳ ಜನ ಸಿಡುಕುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮೂರಕ್ಕೆ ಬರುತ್ತೇನೆಂದು ಮೂರೂವರೆಗೆ ಬರುವ ನೆಂಟನಿಗಿಂತ ಮೂರೂವರೆ ಎಂದು ಹೇಳಿ ಮೂರೂಕಾಲಿಗೆ ಬರುವವನು ಮೇಲು. ದೆಹಲಿಯ ಜನವರಿ ಮಂಜಿನಲ್ಲಿ ಆ ಮೀಸಲೂ ಸಾಲುವುದಿಲ್ಲ, ಅದು ಬೇರೆ ಮಾತು.

ಕೊನೆಗೆ ಈ ಊರಿನವರು ಎಲ್ಲರೂ ಕೇಳುವ ಪ್ರಶ್ನೆ: ಬೆಂಗಳೂರಿಗೆ ವಿಮಾನ ಮೇಲೋ ರೈಲು ಮೇಲೋ? ಜನಶತಾಬ್ದಿ ನಾಲ್ಕೂವರೆಯಿಂದ ಐದು ಗಂಟೆ. ವಿಮಾನದ ಒಂದೂಕಾಲು ಗಂಟೆಗೆ ಸೋಗಾನೆಗೆ ಹೋಗುವುದನ್ನು, ಒಂದೂವರೆ ಗಂಟೆ ಮುಂಚೆ ಅಲ್ಲಿರುವುದನ್ನು, ದೇವನಹಳ್ಳಿಯಲ್ಲಿ ಬ್ಯಾಗು ಬರುವುದನ್ನು ಸೇರಿಸಿ. ಆಮೇಲೆ ಊರೊಳಗೆ ಹೋಗುವ ದಾರಿ. ಹೆಬ್ಬಾಳ, ಯಲಹಂಕದಲ್ಲಿ ಕೆಲಸವಿದ್ದರೆ ವಿಮಾನವೇ ಬೇಗ. ಸಂಜೆ ಆರಕ್ಕೆ ಬನಶಂಕರಿ ಮುಟ್ಟಬೇಕೆಂದರೆ ನಾನಂತೂ ರೈಲು ಹತ್ತುತ್ತೇನೆ. ದೇವನಹಳ್ಳಿಯಲ್ಲೇ ವಿಮಾನ ಬದಲಿಸಿ ಅಮೆರಿಕಕ್ಕೋ ದೆಹಲಿಗೋ ಹೋಗುವುದಿದ್ದರೆ ಮಾತ್ರ ಲೆಕ್ಕವನ್ನೇ ಹಾಕಬೇಡಿ, ಸೋಗಾನೆಯಿಂದಲೇ ಹೊರಡಿ. ಆದರೆ ನಡುವೆ ಮೂರು ಗಂಟೆಯಾದರೂ ಇಟ್ಟುಕೊಳ್ಳಿ, ಮತ್ತು ಎರಡೂ ಪ್ರಯಾಣವನ್ನು ಒಂದೇ ಟಿಕೆಟ್ಟಿನಲ್ಲಿ ಮಾಡಿಸಿ. ಬೇರೆಬೇರೆ ಟಿಕೆಟ್ ಆದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಯಾರೂ ಜವಾಬ್ದಾರರಲ್ಲ.